ಔಷಧಿ ಕೊಡುವವಳು

ಸಾಸಿವೆ ಮಂಚದ ಕೆಳಗೆ ಹೋಗಿ ಕೂತಿತು.

ಬುಗುರಿ ನೆಲಕ್ಕೆ ಕೆನ್ನೆ ಒತ್ತಿ ಒಳಗೆ ನೋಡಿದಳು. ಹಳೆಯ ಸೂಟ್‌ಕೇಸಿನ ಹಿಂದೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವಳು ಪುಸಲಾಯಿಸಿದಳು, ಮುದ್ದುಗರೆದಳು, ಕೈ ಚಾಚಿದಳು. ಮರಿ ಇನ್ನಷ್ಟು ಹಿಂದಕ್ಕೆ ಸರಿಯಿತು.

ಸಾಸಿವೆ ಆರು ತಿಂಗಳ ಬೆಕ್ಕಿನ ಮರಿ. ಮುಂದೆ ಅದು ಮರಿ ಹಾಕದಿರಲಿ ಎಂದು ನಿನ್ನೆ ಆಪರೇಷನ್ ಮಾಡಿಸಿದ್ದರು. ಹೊಟ್ಟೆಯ ಮೇಲೆ ಸಣ್ಣ ಹೊಲಿಗೆ ಬಿದ್ದಿತ್ತು. ಅದನ್ನು ನೆಕ್ಕಬಾರದೆಂದು ಟೈಲರ್ ಅಪ್ಪ ತನ್ನ ಹಳೆಯ ಬನಿಯನ್ ಕತ್ತರಿಸಿ, ನಾಲ್ಕು ಕಾಲಿಗೂ ತೂತು ಬಿಟ್ಟು ಒಂದು ಅಂಗಿ ಹೊಲಿದಿದ್ದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಬಾಲ ಇರುವ ಗಿರಾಕಿ ಇದೇ ಮೊದಲು ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಮೂರು ದಿನ, ದಿನಕ್ಕೊಂದು ಸಲ ನೋವಿನ ಔಷಧಿ ಕೊಡಬೇಕಿತ್ತು. ಸೂಜಿಯಿಲ್ಲದ ಪುಟ್ಟ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದು, ಬಾಯಿಯ ಪಕ್ಕದಿಂದ ಮೆಲ್ಲಗೆ ಬಿಡಬೇಕು. ನಾನೇ ಕೊಡುತ್ತೇನೆ ಎಂದು ಡಾಕ್ಟರಮ್ಮನ ಮುಂದೆ ಎದೆಯುಬ್ಬಿಸಿ ಹೇಳಿದವಳು ಬುಗುರಿಯೇ. ಒಂದು ಕಡೆ ನಿಲ್ಲುವವಳಲ್ಲ ಎಂದು ಮನೆಯವರು ಅವಳಿಗೆ ಆ ಹೆಸರಿಟ್ಟಿದ್ದರು. ಅವಳನ್ನು ಕೂರಿಸಬಲ್ಲ ಜೀವ ಈ ಮನೆಯಲ್ಲಿ ಸಾಸಿವೆ ಒಂದೇ ಆಗಿತ್ತು. ಇವತ್ತು ಮೊದಲ ಡೋಸ್ ಕೊಟ್ಟಿದ್ದೇ ತಡ, ಆ ಜೀವ ಅವಳ ಕೈಯಿಂದ ನುಣುಚಿಕೊಂಡು ಮಂಚದಡಿ ಸೇರಿತ್ತು.

ಸಂಜೆ ಅದು ತಾನಾಗಿಯೇ ಹೊರಗೆ ಬಂತು. ಬಂದು, ಸೋಫಾದಲ್ಲಿ ಮೊಬೈಲ್ ನೋಡುತ್ತಿದ್ದ ಅಣ್ಣನಿಗೆ ಒರಗಿ ಮಲಗಿತು. ಅಣ್ಣ ಇವತ್ತಿನವರೆಗೆ ಅದಕ್ಕೆ ಒಂದು ಹಿಡಿ ತಿಂಡಿ ಹಾಕಿದವನಲ್ಲ. ಬುಗುರಿಗೆ ಹೊಟ್ಟೆ ಉರಿಯಿತು. ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹತ್ತಿರ ಹೋದಳು. ಸಾಸಿವೆ ಎದ್ದು ಹೊರಟೇ ಹೋಯಿತು.

"ನಿನ್ನ ಕಂಡ್ರೆ ಅದಕ್ಕೆ ಸಿರಿಂಜೇ ಕಾಣುತ್ತೆ ಕಣೇ" ಎಂದ ಅಣ್ಣ.

ಅವನು ತಮಾಷೆಗೆ ಹೇಳಿದ್ದು. ಆದರೆ ಬುಗುರಿಗೆ ಊಟ ಸೇರಲಿಲ್ಲ. ಮರಿ ಅದೇ ಮನೆಯಲ್ಲೇ ಇತ್ತು, ಆದರೂ ಅವಳಿಗೆ ಅದರ ನೆನಪು ಕಾಡುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಒಂದು ಉಪಾಯ ಮಾಡಿದಳು. ಗೆರೆ ನೋಡಿ ಔಷಧಿ ಎಳೆದಳು. ಅಪ್ಪನ ಮಿಷನ್ ಟಕಟಕ ಸದ್ದು ಮಾಡುತ್ತಿದ್ದಾಗ ಅದನ್ನು ಸಿಂಕಿಗೆ ಬಿಟ್ಟು ನಲ್ಲಿ ತಿರುಗಿಸಿದಳು. ಔಷಧಿ ಆಯ್ತಾ ಎಂದು ಅಪ್ಪ ಕೇಳಿದ್ದಕ್ಕೆ ಹೂಂ ಎಂದಳು. ಒಂದು ದಿನ ತಪ್ಪಿದರೆ ಏನಾಗುತ್ತದೆ, ಹೊಲಿಗೆ ಚೆನ್ನಾಗಿಯೇ ಇದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸ್ಕೂಲಿಗೆ ಹೋದಳು.

ಸಂಜೆ ಬಂದವಳೇ ಬ್ಯಾಗ್ ಎಸೆದು ನೆಲದ ಮೇಲೆ ಕೂತಳು. ಸಾಸಿವೆ ಮಂಚದ ಪಕ್ಕ, ಹೊರಗೇ ಇತ್ತು. ಅವಳು ಬೆರಳು ಚಾಚಿದಳು. ಮರಿ ಓಡಲಿಲ್ಲ. ತಲೆ ಸವರಿದಳು. ಅದು ಗುರ್‌ಗುರ್ ಎನ್ನತೊಡಗಿತು.

ಬುಗುರಿಗೆ ಸ್ವರ್ಗಕ್ಕೆ ಮೂರೇ ಗೇಣು. "ಅಪ್ಪ, ಕೋಪ ಹೋಯ್ತು ನೋಡು" ಎಂದು ಪಿಸುದನಿಯಲ್ಲಿ ಕರೆದಳು.

ಅಪ್ಪ ಕತ್ತರಿ ಕೆಳಗಿಟ್ಟು ಬಂದು ನೋಡಿದ. ಅವನು ನಗಲಿಲ್ಲ. ಸಾಸಿವೆ ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಬೆಳಿಗ್ಗೆ ಹಾಕಿದ ತಿಂಡಿ ಬಟ್ಟಲಲ್ಲಿ ಹಾಗೇ ಇತ್ತು. ಅಪ್ಪ ಡಾಕ್ಟರಮ್ಮನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲ ಹೇಳಿದ.

"ಆದ್ರೆ ಗುರ್‌ಗುರ್ ಅಂತಿದೆ ಮೇಡಂ" ಎಂದು ಬುಗುರಿ ನಡುವೆ ಬಾಯಿ ಹಾಕಿದಳು.

"ಖುಷಿಯಾದಾಗ ಮಾತ್ರ ಅಲ್ಲಮ್ಮ, ನೋವಾದಾಗ್ಲೂ ಬೆಕ್ಕು ಹಾಗೆ ಮಾಡುತ್ತೆ. ತನ್ನನ್ನ ತಾನೇ ಸಮಾಧಾನ ಮಾಡ್ಕೊಳ್ಳೋಕೆ. ಇವತ್ತಿನ ಔಷಧಿ ಕೊಟ್ಟೆ ತಾನೆ?"

ಬುಗುರಿಯ ಕೈ ಇನ್ನೂ ಮರಿಯ ತಲೆಯ ಮೇಲೇ ಇತ್ತು. ಓಡಿಹೋಗಲೂ ಆಗದಷ್ಟು ನೋವಿತ್ತು ಅದಕ್ಕೆ. ಅದನ್ನೇ ಅವಳು ಪ್ರೀತಿ ಅಂದುಕೊಂಡಿದ್ದಳು.

"ಇಲ್ಲ" ಎಂದಳು. "ಸಿಂಕಿಗೆ ಹಾಕ್ದೆ. ಅದು ನನ್ ಹತ್ರ ಬರ್ಲಿ ಅಂತ."

ಅಪ್ಪ ಬೈಯಲಿಲ್ಲ. ಡಾಕ್ಟರಮ್ಮ, ಈಗಲೇ ಒಂದು ಡೋಸ್ ಕೊಡಿ, ಡಬಲ್ ಬೇಡ, ನಾಳೆಯೂ ಇದೇ ಹೊತ್ತಿಗೆ ಕೊಡಿ ಎಂದರು. ಎರಡು ಗಂಟೆಯೊಳಗೆ ಏನೂ ತಿನ್ನದಿದ್ದರೆ ಕ್ಲಿನಿಕ್ಕಿಗೆ ಕರೆತರಬೇಕಿತ್ತು.

"ನಾನು ಕೊಡ್ಲಾ?" ಎಂದು ಅಪ್ಪ ಕೈ ಚಾಚಿದ.

ಕೊಟ್ಟುಬಿಡೋಣ ಎಂದು ಬುಗುರಿಗೆ ತುಂಬ ಅನಿಸಿತು. ಸಿರಿಂಜನ್ನು ಅಪ್ಪನ ಕೈಯ ತನಕ ಒಯ್ದವಳು ಹಿಂದಕ್ಕೆಳೆದುಕೊಂಡಳು.

"ಬೇಡಪ್ಪ. ಆಮೇಲೆ ಅದು ನಿನ್ ಹತ್ರಾನೂ ಬರಲ್ಲ."

ಅವಳೇ ಕೊಟ್ಟಳು. ಸಾಸಿವೆ ಮುಖ ಕಿವುಚಿ, ಅವಳ ಕೈ ಪರಚಿ, ಅಣ್ಣನ ಕೋಣೆಗೆ ಹೋಯಿತು. ಬುಗುರಿ ತಿಂಡಿಯ ಬಟ್ಟಲನ್ನು ಆ ಬಾಗಿಲ ಹತ್ತಿರ ಇಟ್ಟು ದೂರ ಬಂದು ಕೂತಳು. ಗಡಿಯಾರದ ಮುಳ್ಳು ಅಲ್ಲಾಡುತ್ತಿದೆಯೋ ಇಲ್ಲವೋ ಎಂದು ಹತ್ತು ಸಲ ನೋಡಿದಳು.

ಒಂದು ಗಂಟೆ ದಾಟಿದ ಮೇಲೆ ಕರುಂ ಕರುಂ ಎಂದು ಸದ್ದು ಕೇಳಿಸಿತು. ಹತ್ತಿರ ಹೋಗಬೇಕೆಂದು ಅವಳ ಜೀವ ಎಳೆಯುತ್ತಿತ್ತು. ಹೋಗಲಿಲ್ಲ. ಗೋಡೆಗೆ ಒರಗಿ ಕೊನೆಯ ಕರುಂ ತನಕ ಕೇಳಿದಳು.

ಆಮೇಲೆ ಬಾಗಿಲ ಸಂದಿಯಿಂದ ಇಣುಕಿದಳು. ಸಾಸಿವೆ ಅಣ್ಣನ ಕಾಲುಗಳ ನಡುವೆ ಉದ್ದಕ್ಕೆ ಚಾಚಿಕೊಂಡು ಮಲಗಿತ್ತು. ಕಾಲು ಜೋಮು ಹಿಡಿದು ಅಣ್ಣ ಮಿಸುಕಾಡುತ್ತಿದ್ದ.

ಅಲ್ಲಾಡಬೇಡ ಎಂದು ಬುಗುರಿ ಬಾಗಿಲಿನಿಂದಲೇ ಸನ್ನೆ ಮಾಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಸಿರಿಂಜ್ ತೊಳೆದು, ಒರೆಸಿ, ನಾಳೆಗೆ ತೆಗೆದಿಟ್ಟಳು.