ವಿಷದ ಡಬ್ಬಿ ಸಿಗಲಿಲ್ಲ

ಜನವರಿ ಒಂಬತ್ತರ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ತಾಲ್ಲೂಕು ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಬಂತು. ಹೆಸರು ಸುನಿತಾ, ಹನ್ನೆರಡು ವರ್ಷ. ಕೀಟನಾಶಕ ಕುಡಿದಿರುವ ಶಂಕೆ. ಕರೆತಂದ ಹೆಂಗಸು ನಾಪತ್ತೆ.

ಇನ್‌ಸ್ಪೆಕ್ಟರ್ ನಂದೀಶ್ವರಯ್ಯ ಹೆಡ್ ಕಾನ್‌ಸ್ಟೇಬಲ್ ಓಬಳಯ್ಯನನ್ನೂ ಕಾನ್‌ಸ್ಟೇಬಲ್ ಮಾನಸಳನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಹೊರಗೆ ಮಾಗಿಯ ಚಳಿ, ಅವಳ ಹಣೆಯ ಮೇಲೆ ಮಾತ್ರ ಬೆವರು. ಆಗಾಗ ಮಗ್ಗುಲಾಗಿ ಓಕರಿಸುತ್ತಿದ್ದಳು, ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

"ಯಾವ ಔಷಧಿ ಅಂತ ಗೊತ್ತಾಗಬೇಕು ಸರ್," ಎಂದರು ಡಾಕ್ಟರ್ ನೂರೀನ್. ಅವರು ಶಿರಾ ಕಡೆಯವರು, ಮೆಲ್ಲಗೆ ಮಾತಾಡುವವರು. "ಬಾಯಲ್ಲಿ ಔಷಧಿಯ ವಾಸನೆ ಇಲ್ಲ. ಲಕ್ಷಣ ಅರ್ಧ ಹೊಂದುತ್ತೆ, ಅರ್ಧ ಹೊಂದಲ್ಲ. ಊಹೆ ಮೇಲೆ ಮದ್ದು ಕೊಟ್ಟು ಅದು ತಪ್ಪಾದರೆ ಈ ಹೃದಯ ತಡೆಯಲ್ಲ. ನನಗೆ ಆ ಡಬ್ಬಿ ತಂದುಕೊಡಿ."

"ಕರೆದುಕೊಂಡು ಬಂದವಳು ಏನು ಹೇಳಿದಳು?"

"ನಾನು ದೊಡ್ಡಮ್ಮ ಅಂದರು. ಅಮ್ಮ ಬೈದಳಂತೆ, ಅದಕ್ಕೆ ಕುಡಿದಳಂತೆ. ಟೀ ಕುಡಿದು ಬರ್ತೀನಿ ಅಂತ ಹೋದವರು ಬರಲೇ ಇಲ್ಲ."

ತಾಯಿ ದಾಸಮ್ಮ ವಾರ್ಡಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಯಾರೋ ಫೋನು ಮಾಡಿ ಹೇಳಿದ್ದರಿಂದ ಓಡಿ ಬಂದಿದ್ದಳು. ಪಕ್ಕದ ಮಂಚದವರು ಆಗಲೇ ಅವಳನ್ನು ಕೊಲೆಗಾತಿಯಂತೆ ನೋಡುತ್ತಿದ್ದರು.

"ಯಾಕೆ ಬೈದೆ?"

"ನಾನು ಬೈದಿಲ್ಲ ಸಾಮಿ. ಹುಟ್ಟಿದಾಗ್ನಿಂದ ಒಂದೇಟು ಹೊಡ್ದೋಳಲ್ಲ."

"ನಿನ್ನ ಅಕ್ಕ ಎಲ್ಲಿ?"

"ನಂಗೆ ಅಕ್ಕಂದೀರೇ ಇಲ್ಲ."

"ಬೆಳಿಗ್ಗೆ ಹುಡುಗಿ ಎಲ್ಲಿಗೆ ಹೋಗಿದ್ದಳು?"

"ಇಸ್ಕೂಲ್ಗೆ," ಎಂದಳು ದಾಸಮ್ಮ, ಕಿಟಕಿಯ ಕಡೆ ನೋಡುತ್ತಾ.

ಮಾನಸ ಅದನ್ನು ಗಮನಿಸಿದಳು. ಅವಳನ್ನು ಆಸ್ಪತ್ರೆಯಲ್ಲೇ ಬಿಟ್ಟು ಇನ್‌ಸ್ಪೆಕ್ಟರ್ ಡಬ್ಬಿ ಹುಡುಕಲು ಹೊರಟರು.

ದಾಸಮ್ಮನ ಊರು ವೈ.ಎನ್.ಹೊಸಕೋಟೆಯಿಂದಾಚೆ, ಆಂಧ್ರದ ಗಡಿ ಕಾಣುವಷ್ಟು ಹತ್ತಿರ. ಹನ್ನೆರಡು ಗಂಟೆಗೆ ಇಬ್ಬರು ಪಂಚರ ಸಮ್ಮುಖದಲ್ಲಿ ಮನೆ ಶೋಧಿಸಿದರು. ಅಟ್ಟ, ಒಲೆಯ ಮೂಲೆ, ಬಚ್ಚಲು, ತಿಪ್ಪೆ. ಓಬಳಯ್ಯ ಮೇಕೆ ಕಟ್ಟಿದ ಚಪ್ಪರದೊಳಗೂ ಬಗ್ಗಿ ಹೊಕ್ಕು, ತಲೆಗೆ ಜೇಡರಬಲೆ ಮೆತ್ತಿಕೊಂಡು ಹೊರಬಂದ.

ಪಕ್ಕದ ಮನೆಯ ಜಗದಾಂಬ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಏನ್ ಹುಡುಕ್ತೀರಣ್ಣಾ?"

"ಹೊಲಕ್ಕೆ ಹೊಡೆಯೋ ಔಷಧಿ."

"ಅವ್ಳಿಗೆ ಹೊಲ ಎಲ್ಲೈತೆ? ಇರೋದು ಎರಡು ಮೇಕೆ. ಮೇಕೆಗೆ ಔಷ್ದಿ ಹೊಡೀತಾಳಾ?"

ಪಂಚರಲ್ಲಿ ಒಬ್ಬ ನಕ್ಕು ತಕ್ಷಣ ಸುಮ್ಮನಾದ. ಪಂಚನಾಮೆಯಲ್ಲಿ 'ಏನೂ ದೊರೆತಿಲ್ಲ' ಎಂದು ಬರೆದು ಸಹಿ ಪಡೆದರು. ಶಾಲೆಯಲ್ಲಿ ವಿಚಾರಿಸಿದಾಗ ಮೇಷ್ಟ್ರು, ಸುನಿತಾ ದಸರಾ ರಜೆ ಕಳೆದ ಮೇಲೆ ಬಂದೇ ಇಲ್ಲ ಎಂದರು.

ಅತ್ತ ಆಸ್ಪತ್ರೆಯಲ್ಲಿ ಮಾನಸ, ನರ್ಸ್ ಬಿಚ್ಚಿಟ್ಟಿದ್ದ ಲಂಗ-ರವಿಕೆಯ ಗಂಟನ್ನು ತಾಯಿಯ ಮುಂದೆ ಬಿಚ್ಚಿದಳು. ದಾಸಮ್ಮ ಮುಟ್ಟಿ ನೋಡಿದಳು.

"ಇದು ನಮ್ ಮಗೀದಲ್ಲ ಕಣಮ್ಮ."

"ಮತ್ತೆ ಯಾರದು?"

"ನಂಗೊತ್ತಿಲ್ಲ. ಬೆಳಿಗ್ಗೆ ಹಸ್ರು ಚೂಡಿ ಹಾಕ್ಕೊಂಡೋಗಿದ್ಳು."

"ಇಸ್ಕೂಲ್ಗೆ ಯೂನಿಫಾರಂ ಅಲ್ವಾ?"

ದಾಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ದಾಸಮ್ಮ, ನೀನು ಬೈದಿದ್ದಕ್ಕೆ ವಿಷ ಕುಡಿದಳು ಅಂತ ಊರೆಲ್ಲ ಹೇಳ್ತದೆ. ಅದಕ್ಕಿಂತ ದೊಡ್ಡದು, ನೀನು ಬಾಯಿ ಬಿಡದಿದ್ರೆ ಡಾಕ್ಟ್ರು ಕುರುಡಾಗಿ ಮದ್ದು ಕೊಡಬೇಕಾಗ್ತದೆ."

"ಹೊಗೆಸೊಪ್ಪಿನ ಹೊಲಕ್ಕೆ ಕಳಿಸ್ತಿದ್ದೆ," ಎಂದಳು ದಾಸಮ್ಮ. "ಮೇಸ್ತ್ರಿ ಕಮಲಾಕ್ಷಮ್ಮನ ಜೊತೆ. ಬೆಳಕು ಹರಿಯೋ ಮುಂಚೆ ಟೆಂಪೋ ಬತ್ತದೆ. ಎಲ್ರ ಮಕ್ಳೂ ಹೋಗ್ತವೆ. ಕೇಸಾಗ್ತದೆ ಅಂತ ಹೇಳ್ಲಿಲ್ಲ."

ಮಾನಸ ಓಡಿಹೋಗಿ ಡಾಕ್ಟರಿಗೆ ಹೇಳಿದಳು. ನೂರೀನ್ ಹೊದಿಕೆ ಸರಿಸಿ ಹುಡುಗಿಯ ಎಡತೋಳು ಎತ್ತಿದರು. ಕಂಕುಳಿಂದ ಸೊಂಟದವರೆಗೆ ಚರ್ಮದ ಮೇಲೆ ಕಪ್ಪಗೆ ಅಂಟು. ಬಟ್ಟೆ ಬದಲಾಯಿಸಿದವರು ಮೈ ತೊಳೆದಿರಲಿಲ್ಲ.

"ಬಿಸಿನೀರು, ಸೋಪು ತನ್ನಿ," ಎಂದು ನರ್ಸಿಗೆ ಹೇಳಿದರು. "ಇಬ್ಬನಿಯಲ್ಲಿ ನೆಂದ ಎಲೆ ಕೊಯ್ದು ಕಂಕುಳಲ್ಲಿ ಅವುಚಿಕೊಂಡು ಹೊರುತ್ತಾರೆ. ಎಲೆಯಲ್ಲಿರೋ ನಿಕೋಟಿನ್ ನೀರಿನ ಜೊತೆ ಚರ್ಮದಲ್ಲೇ ಇಳಿಯುತ್ತೆ. ಇನ್ನೂ ಇಳೀತಾನೇ ಇದೆ." ಉಜ್ಜುತ್ತಾ ಉಜ್ಜುತ್ತಾ ನಿಂತರು. "ಆದರೆ ಬರೀ ಚರ್ಮದಿಂದ ಇಷ್ಟಾಗಲ್ಲ. ಬಾಯಿಂದಲೂ ಹೋಗಿರಬೇಕು. ಬೇರೆ ಮಕ್ಕಳಿದ್ದಾರಲ್ಲ, ಅವರು ಹೇಗಿದ್ದಾರೆ?"

ಮಾನಸ ಇನ್‌ಸ್ಪೆಕ್ಟರಿಗೆ ಫೋನು ಮಾಡಿ, ಸಿಕ್ಕ ಆಟೋ ಹತ್ತಿದಳು.

ದಾಸಮ್ಮ ಹೇಳಿದ ಗುರುತು ಹಿಡಿದು ಮೂರು ಗಂಟೆಗೆ ಮೂವರು ಪೊಲೀಸರೂ ಭೀಮರಾಜು ಎಂಬುವನ ಹೊಗೆಸೊಪ್ಪಿನ ಹೊಲದಲ್ಲಿದ್ದರು. ಕಮಲಾಕ್ಷಮ್ಮ ಅಲ್ಲಿರುತ್ತಾಳೆಂದು ಓಬಳಯ್ಯ ನಂಬಿರಲಿಲ್ಲ. "ಗಡಿ ದಾಟಿರ್ತಾಳೆ ಸಾ," ಎಂದಿದ್ದ. ಆದರೆ ಅವಳು ಗರಿಯ ಚಪ್ಪರದ ಕೆಳಗೆ ಕೂತು ಸೊಪ್ಪು ಪೋಣಿಸುತ್ತಿದ್ದಳು. ಕೊಯ್ದ ಸೊಪ್ಪನ್ನು ಅವತ್ತೇ ದಾರಕ್ಕೆ ಪೋಣಿಸಿ ನೇತುಹಾಕದಿದ್ದರೆ ರಾಶಿಯಲ್ಲೇ ಬೆಂದು ಹಾಳಾಗುತ್ತದೆ. ಅದಕ್ಕೇ ಆಸ್ಪತ್ರೆಯಿಂದ ನೇರ ವಾಪಸು ಬಂದಿದ್ದಳು. ಸುತ್ತ ಏಳು ಮಕ್ಕಳು, ಎಲ್ಲರ ಕೈಯಲ್ಲೂ ದಬ್ಬಣ.

ಹೊಲದ ಮಾಲೀಕ ಭೀಮರಾಜು ಪಂಚೆ ಇಳಿಬಿಟ್ಟುಕೊಂಡು ಓಡಿಬಂದ. "ರಜಾ ಅಂತ ಆಡಕ್ಕೆ ಬಂದವೆ ಸಾ."

"ಇವತ್ತು ಯಾವ ರಜಾ?"

"ಸಂಕ್ರಾಂತಿ."

"ಸಂಕ್ರಾಂತಿ ಮುಂದಿನ ವಾರ."

"ಅದೇ ಸಾ, ಮುಂದಿನ ವಾರದ್ದು."

"ಓಬಳಯ್ಯ, ಇವನನ್ನ ಜೀಪಿನ ಹತ್ತಿರ ನಿಲ್ಲಿಸಿ. ಮುಂದಿನ ವಾರ ಬರೋವರೆಗೆ."

ಚಪ್ಪರದ ಹಿಂದಿನ ಜಾಲಿ ಗಿಡದ ಮೇಲೆ ಹಸಿರು ಚೂಡಿದಾರ್ ಹರವಿತ್ತು. ಎಡಭಾಗ ಅಂಟು ಹಿಡಿದು ತೊಗಲಿನಂತೆ ಗಟ್ಟಿಯಾಗಿತ್ತು. ಪಂಚನಾಮೆ ಮಾಡಿ ಜಪ್ತಿ ಮಾಡಿದರು.

"ಬಟ್ಟೆ ಬದಲಾಯಿಸಿದ್ದು ಯಾರು?"

"ನಾನೇ ಸಾಮಿ," ಎಂದಳು ಕಮಲಾಕ್ಷಮ್ಮ. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈ. ಎದ್ದು ನಿಲ್ಲಲಿಲ್ಲ.

"ಔಷಧಿ ಕುಡಿದಳು ಅಂತ ಯಾಕೆ ಹೇಳಿದೆ?"

"ಸೊಪ್ಪು ಅಂದ್ರೆ ಪೊಲೀಸ್ನೋರು ಬತ್ತಾರೆ, ಮಕ್ಳು ಕೆಲ್ಸಕ್ಕೆ ಬರಾದು ನಿಂತೋಯ್ತದೆ ಅಂತ."

"ಈಗ ನಾವು ಬಂದಿಲ್ವಾ?"

ಕಮಲಾಕ್ಷಮ್ಮ ದಬ್ಬಣವನ್ನು ಎಲೆಯ ದಂಟಿಗೆ ಚುಚ್ಚಿ ಹಾಗೇ ಬಿಟ್ಟಳು. "ಔಷ್ದಿ ಕುಡ್ದ್ರೂ ವಾಂತಿ, ಸೊಪ್ಪಿಗೂ ವಾಂತಿ. ಡಾಕ್ಟ್ರು ವಾಂತಿಗೇ ತಾನೇ ಸೂಜಿ ಚುಚ್ಚಾದು? ಎರಡೂ ಒಂದೇ ಅಂದ್ಕೊಂಡೆ."

"ಒಂದೇ ಅಲ್ಲ. ನಿನ್ನ ಮಾತು ನಂಬಿ ಮದ್ದು ಕೊಟ್ಟಿದ್ದರೆ ಆ ಹುಡುಗಿ ಈಗ ಇರ್ತಿರಲಿಲ್ಲ."

ಮೊದಲ ಸಲ ಅವಳ ಮುಖ ಬದಲಾಯಿತು. "ಈಗ ಐತಲ್ಲ ಸಾಮಿ? ಉಸಿರೈತಲ್ಲ?"

ಮಾನಸ ಮಕ್ಕಳ ಮುಂದೆ ಕೂತಿದ್ದಳು. ಎಲ್ಲರ ಒಂದೊಂದು ಕೆನ್ನೆ ಸ್ವಲ್ಪ ಉಬ್ಬಿತ್ತು.

"ಬಾಯಲ್ಲೇನು ಪುಟ್ಟಾ?"

ಮಕ್ಕಳು ಕಮಲಾಕ್ಷಮ್ಮನ ಕಡೆ ನೋಡಿದರು.

"ಉಗೀರಿ ಲೇ," ಎಂದಳು ಅವಳು.

ಏಳು ಮಕ್ಕಳೂ ಉಗಿದರು. ಅವರೆಕಾಳಿನಷ್ಟು ಒಣ ಹೊಗೆಸೊಪ್ಪಿನ ಉಂಡೆ, ಒಂದೊಂದು.

"ಮೈಗೆ ಒಗ್ಗಲಿ ಅಂತ," ಎಂದಳು ಕಮಲಾಕ್ಷಮ್ಮ. "ಹೊಸ್ದಾಗಿ ಬಂದೋರಿಗೆ ತಲೆ ಸುತ್ತಿ ವಾಂತಿ ಆಯ್ತದೆ. ಕೆನ್ನೆಲಿ ಮಡಿಕ್ಕಂಡ್ರೆ ಬಿರ್ನೆ ಒಗ್ಗೋಯ್ತದೆ. ಏಮೀ ಕಾದು ಸಾಮಿ, ಏನೂ ಆಗಲ್ಲ. ಸುನಿತಾ ಉಗುಳೋ ಬದ್ಲು ನುಂಗ್ಬುಟ್ಳು. ಅಷ್ಟೆ."

ಇನ್‌ಸ್ಪೆಕ್ಟರ್ ಡಾಕ್ಟರಿಗೆ ಫೋನಿನಲ್ಲಿ ಅದನ್ನೇ ಹೇಳಿದರು. ನುಂಗಿದ್ದು ಏನು ಎಂದು ಕೊನೆಗೂ ತಿಳಿಯಿತು. ನಾಡಿ ಹಿಡಿತಕ್ಕೆ ಬರುತ್ತಿದೆ, ಉಳಿಯುತ್ತಾಳೆ, ಆ ಏಳು ಮಕ್ಕಳನ್ನೂ ಈಗಲೇ ಕಳಿಸಿ ಎಂದರು ನೂರೀನ್.

ಎಫ್‌ಐಆರ್ ದಾಖಲಾಯಿತು. ಬಾಲಕಾರ್ಮಿಕ ಕಾಯ್ದೆ ಒಂದು. ಮಗುವಿಗೆ ತಂಬಾಕು ಕೊಡುವುದಕ್ಕೆಂದೇ ಬಾಲನ್ಯಾಯ ಕಾಯ್ದೆಯಲ್ಲಿರುವ ಕಲಂ ಇನ್ನೊಂದು. ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲವಾದ್ದರಿಂದ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಕಮಲಾಕ್ಷಮ್ಮನ ದಸ್ತಗಿರಿ ತೋರಿಸಿದರು. ಭೀಮರಾಜು ಎರಡನೇ ಆರೋಪಿ.

ಹೇಳಿಕೆ ಬರೆದುಕೊಂಡದ್ದು ಮಾನಸ. ಎಂಟನೇ ವಯಸ್ಸಿನಲ್ಲಿ ಕಮಲಾಕ್ಷಮ್ಮ ಮೊದಲ ಸಲ ಸೊಪ್ಪು ಹೊತ್ತು ಬದುವಿನ ಮೇಲೆ ಬಿದ್ದಿದ್ದಳು. ಅವಳ ತಾಯಿ ಎತ್ತಿ ಕೂರಿಸಿ, ತನ್ನ ಬಾಯಿಂದ ಹೊಗೆಸೊಪ್ಪಿನ ಚೂರು ತೆಗೆದು ಮಗಳ ಕೆನ್ನೆಗಿಟ್ಟಳು. ಒಂದು ವಾರ ಕಳೆಯುವಷ್ಟರಲ್ಲಿ ವಾಂತಿ ನಿಂತಿತು. ಅವತ್ತಿಂದ ಬಾಯಿ ಖಾಲಿ ಇಟ್ಟಿಲ್ಲ.

"ಅವ್ವ ನಂಗೆ ಕೆಟ್ಟದ್ದು ಮಾಡಿದ್ಳಾ?" ಎಂದು ಕೇಳಿದಳು. "ನಾನ್ ಕೆಟ್ಟೋಳಾಗಿದ್ರೆ ನನ್ ಮೊಮ್ಮಗೀಗೆ ಕೊಡ್ತಿದ್ನಾ? ಆ ಏಳರಲ್ಲಿ ಚಿಕ್ಕದು ನಂದೇ ಕಣಮ್ಮ. ವೇದಾವತಿ."

ಮಾನಸ ಅದನ್ನೂ ಬರೆದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರ್ ನೂರೀನ್ ಆ ಹೊತ್ತಿಗೆ ಮಕ್ಕಳ ನಾಡಿ ನೋಡುತ್ತಿದ್ದರು. ವೇದಾವತಿ ಮಂಚದ ಅಂಚಿನಲ್ಲಿ ಕಾಲು ಜೋಲಿಸಿಕೊಂಡು ಕೂತಿದ್ದಳು. ತಲೆ ಸುತ್ತುತ್ತಾ, ವಾಂತಿ ಬರುತ್ತಾ ಎಂದು ಕೇಳಿದರು.

ಹುಡುಗಿ ಪಕ್ಕದಲ್ಲಿ ಮಲಗಿದ್ದ ಸುನಿತಾಳನ್ನು ಒಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಇಲ್ಲ," ಎಂದಳು. "ನಂಗೆ ಒಗ್ಗೋಗೈತೆ."