ಬಾಡಿಗೆಗೆ ತಂದ ಚಳಿ

ಧನಶ್ರೀಯ ಬಳಿ ಇಲ್ಲದ್ದು ಚಳಿಯೊಂದೇ.

ಕ್ರೋಕಸ್ ಗೆಡ್ಡೆಗಳಿದ್ದವು. ನೇರಳೆ, ಬಿಳಿ, ಹಳದಿ ಎಂದು ಮೂರು ಜಾತಿ. ಕೇಸರಿ ಹೂವಿನ ದಾಯಾದಿಗಳು. ಚಳಿಗಾಲ ಮುಗಿಯುವ ಹೊತ್ತಿಗೆ ಹಿಮದ ನಡುವೆ ಅರಳುವ ಆ ಹೂಗಳನ್ನು ಫೋನಿನಲ್ಲಿ ನೋಡಿ, ನರಸಾಪುರದ ಕಾರ್ಖಾನೆಯ ಸಂಬಳದಲ್ಲಿ ತರಿಸಿದ್ದಳು. ಆದರೆ ತಿಂಗಳುಗಟ್ಟಲೆ ಫ್ರಿಜ್ಜಿನಂಥ ಚಳಿ ಸಿಗದಿದ್ದರೆ ಅವು ಅರಳುವುದಿಲ್ಲ. ಅವಳ ಊರು ಆವನಿಯಲ್ಲಿ ಅಂಥ ಚಳಿ ಎಲ್ಲಿ? ಹೋದ ವರ್ಷ ಬರೀ ಎಲೆ ಬಂದಿತ್ತು.

"ತಿನ್ನೋಕಾಗಲ್ಲ, ಮಾರೋಕಾಗಲ್ಲ. ಯಾತಕ್ಕೇ ಇದು?" ಎಂದಿದ್ದಳು ತಾಯಿ ಚಿಕ್ಕಗಂಗಮ್ಮ.

ಅದಕ್ಕೇ ಅವಳಿಗದು ಬೇಕಾಗಿತ್ತು! ಅವರ ಹೊಲದಲ್ಲಿ ಬೆಳೆದದ್ದೆಲ್ಲ ಮಾರ್ಕೆಟ್‌ಗೆ ಹೋಗುತ್ತಿತ್ತು. ಮಾರದ ಹೂವೊಂದು ತನಗಾಗಿ ಅರಳಲಿ ಎಂಬುದಷ್ಟೇ ಅವಳ ಆಸೆ.

ನವೆಂಬರಿನಲ್ಲಿ ಮುಳಬಾಗಿಲಿನ ಕೋಲ್ಡ್ ಸ್ಟೋರೇಜ್ ಮುಂದೆ ನೇರಳೆ, ಬಿಳಿ ಗೆಡ್ಡೆಗಳ ಎರಡು ಕ್ರೇಟು, ಹಳದಿಯ ಒಂದು ಕುಂಡ ಇಳಿಸಿದಳು. ಅದನ್ನು ನಡೆಸುವ ಮುನೇಶ್ ಒಂದು ಗೆಡ್ಡೆ ಎತ್ತಿ ನೋಡಿದ.

"ಏನ್ರೀ ಇದು, ಸಾಂಬಾರ್ ಈರುಳ್ಳಿನಾ?"

"ಹೂವಿನ ಗೆಡ್ಡೆ. ಮುಟ್ಟಬೇಡಿ!"

"ಮುಟ್ಟದೆ ಒಳಗಿಡೋದು ಹೆಂಗೆ? ಮಂತ್ರ ಹಾಕ್ಲಾ?"

ಅವಳಿಗೆ ಸಿಟ್ಟು ಬಂತು. ಆದರೆ ಕ್ರೇಟನ್ನು ಅವನು ಮಲಗಿದ ಮಗುವನ್ನು ಎತ್ತುವಂತೆ ಎತ್ತಿದ್ದು ಕಣ್ಣಿಗೆ ಬಿತ್ತು.

"ಇಲ್ಲಿ ರೋಜಾ, ಬೀನ್ಸ್ ಬಿಟ್ಟು ಬೇರೇನೂ ಇಡಲ್ಲ. ಧೈರ್ಯವಾಗಿ ಹೋಗಿ" ಎಂದ.

ಪ್ರತಿ ಭಾನುವಾರ ರಜೆಯಲ್ಲಿ ಬಂದು ಗೆಡ್ಡೆಗಳನ್ನು ನೋಡುವಳು. ಹೊರಡುವಾಗ ಅವನು ತಣ್ಣಗಿನ ಸಪೋಟ ಹಣ್ಣುಗಳನ್ನು ಕೈಗಿಡುವನು.

"ಅಮ್ಮ ಕೊಟ್ರು."

'ಅಮ್ಮ ಕೊಟ್ಟಿದ್ದಕ್ಕೆ ಇವರು ಯಾಕೆ ನೆಲ ನೋಡಬೇಕು...' ಎಂದುಕೊಳ್ಳುತ್ತ ಬಸ್ಸಿನಲ್ಲಿ ಒಬ್ಬಳೇ ನಗುವಳು.

ಫೆಬ್ರವರಿಯಲ್ಲಿ ಕ್ರೇಟುಗಳನ್ನು ಮನೆಗೆ ಒಯ್ದಳು. ಮೊಳಕೆ ತಡವಾಗಿದ್ದ ಹಳದಿ ಕುಂಡ ಅಲ್ಲೇ ಉಳಿಯಿತು. ಮನೆಯಲ್ಲಿ ಎಲೆ ಬಂತು. ಮೊಗ್ಗುಗಳು ಮಾತ್ರ ಒಳಗೇ ಕಂದಿ ಒಣಗಿದ್ದವು. ಗೆಡ್ಡೆ ಕಳಿಸಿದ ನರ್ಸರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: "ಪಕ್ಕದಲ್ಲಿ ಹಣ್ಣು ಇಟ್ಟಿದ್ರಾ? ಹಣ್ಣು ಬಿಡೋ ಗಾಳಿಗೆ ಮೊಗ್ಗು ಸಾಯುತ್ತೆ."

ಮುಂದಿನ ಬಸ್ಸಿಗೇ ಮುಳಬಾಗಿಲಿಗೆ ಬಂದಳು.

"ಯಾರ ಹಣ್ಣು ಇಟ್ರಿ ನನ್ನ ಕ್ರೇಟ್ ಹತ್ರ? ಬಾಡಿಗೆ ಆಸೆಗೆ ಮಾತು ತಪ್ಪಿದ್ರಾ?"

"ಯಾರ್ದೂ ಇಟ್ಟಿಲ್ಲ."

"ಸುಳ್ಳು!"

ಮುನೇಶನ ಮುಖ ಬಿಳಿಚಿತು.

"ನಿಮ್ಮದೇ ಇಟ್ಟಿದ್ದೆ... ಸಪೋಟ. ವಾರವೆಲ್ಲ ನಮ್ಮ ಗಿಡದಲ್ಲಿ ಒಳ್ಳೇದು ಹಣ್ಣಾದಂಗೆ ಆರಿಸಿ ತರ್ತಿದ್ದೆ. ಲೋಡಿಂಗ್‌ನವರು ತಿಂದುಬಿಡ್ತಾರೆ ಅಂತ ನಿಮ್ಮ ಕ್ರೇಟುಗಳಲ್ಲೇ ಗೋಣಿ ಕೆಳಗೆ ಬಚ್ಚಿಡ್ತಿದ್ದೆ. ಅಮ್ಮ ಕೊಡ್ಲಿಲ್ಲ ಕಣ್ರೀ. ನಾನೇ."

ಒಂದು ಮಾವು ಹಣ್ಣಾದರೆ ಬುಟ್ಟಿಯೆಲ್ಲ ಹಣ್ಣಾಗುತ್ತದೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ಹೂವಿನ ಮೊಗ್ಗಿಗೂ ಆ ಗಾಳಿ ತಾಕುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಆ ಹಣ್ಣನ್ನು ಚಪ್ಪರಿಸಿ ತಿಂದವಳೂ ಅವಳೇ! ಧನಶ್ರೀ ಅತ್ತಳು.

"ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರೆ ಬರೋದೇ ನಿಲ್ಲಿಸ್ತೀರೇನೋ ಅಂತ..."

ಅವನು ಒಳಗೆ ಹೋಗಿ ಹಳದಿ ಕುಂಡ ತಂದು ಬಿಸಿಲಿಗಿಟ್ಟ. ಕ್ರೇಟಿನಲ್ಲಿ ಹಿಡಿಸದೆ ಅದು ಹಣ್ಣಿನಿಂದ ದೂರ, ಬಾಗಿಲ ಬಳಿಯ ಹಲಗೆಯ ಮೇಲೆ ಉಳಿದಿತ್ತು. ಬೆರಳುದ್ದದ ಒಂದು ಮೊಗ್ಗು ಬಿಗಿಯಾಗಿ ಮುಚ್ಚಿತ್ತು. ಇಬ್ಬರೂ ಖಾಲಿ ಕ್ರೇಟುಗಳ ಮೇಲೆ ಕೂತು ಕಾದರು. ಬಿಸಿಲು ತಾಕುತ್ತ ತಾಕುತ್ತ ಮೊಗ್ಗು ಸಡಿಲವಾಯಿತು... ಆಮೇಲೆ ಅರಳಿತು!

"ಇಷ್ಟೇನಾ?" ಎಂದ ಮುನೇಶ್.

"ಇಷ್ಟೇ. ಸಾಲ್ದಾ?"

"ಸಾಕು. ಮುಂದಿನ ವರ್ಷಾನೂ ಚಳಿ ನಂದೇ."

"ಸಪೋಟ?"

"ನೇರ ಕೈಗೆ. ಹಣ್ಣಾದ ದಿನವೇ."

"ನಾನು ಬರೋದು ಭಾನುವಾರ ಮಾತ್ರ."

"ನಮ್ಮ ಮನೇಲೇ ಇದ್ರೆ ದಿನಾ ಕೊಡಬಹುದು."

ಧನಶ್ರೀ ಕಣ್ಣೊರೆಸಿಕೊಂಡಳು. "ಇದನ್ನ ನಿಮ್ಮಮ್ಮ ಹೇಳಿದ್ದಾ?"

"ಇಲ್ಲ. ನಾನೇ."

"ಹಾಗಾದ್ರೆ ಬರ್ತೀನಿ ಕಣೋ."

ಆ ಚಳಿಗಾಲದಲ್ಲಿ ಕಳೆದುಹೋದ ಮೊಗ್ಗುಗಳು: ನೇರಳೆ ಇಪ್ಪತ್ನಾಲ್ಕು, ಬಿಳಿ ಹತ್ತೊಂಬತ್ತು.