ಶನಿವಾರ ಪೇಟೆಗೆ ಸುತ್ತುದಾರಿ

"ನಿನ್ನ ಮುಂದೆ ನಡೆಯುವ ಆ ಮನುಷ್ಯನ ಹೆಸರೇನು?"

ಮೇಮ್‌ಸಾಹೇಬರು ಕೇಳಿದ್ದು ಇಂಗ್ಲಿಷಿನಲ್ಲಿ. ಭಾಮಾಳಿಗೆ ಪ್ರಶ್ನೆ ಅರ್ಥವಾಗಿತ್ತು. ಉತ್ತರವೂ ಗೊತ್ತಿತ್ತು. ಆದರೆ ಬಾಯಿ...? ಬಾಯಿ ಮಾತ್ರ ತೆರೆಯಲೇ ಇಲ್ಲ!

ಅಯ್ಯೋ, ಹೇಳೇ ಹುಡುಗಿ! ಒಂದು ಹೆಸರು ತಾನೇ!

ಕಿವಿ ಬಿಸಿಯಾಯಿತು. ಕತ್ತು ತಾನಾಗಿ ಬಗ್ಗಿತು. ಬಾಗಿಲಿಗೆ ಅರ್ಧ ಪರದೆ ಹಾಕಿದ್ದರು. ಅದರಾಚೆ ವರಾಂಡದ ಬೆಂಚಿನ ಮೇಲೆ ಆ ಹೆಸರಿನ ಮನುಷ್ಯ ಕೂತಿದ್ದ. ಅವನ ಕಪ್ಪು ಬೂಟುಗಳು ಪರದೆಯ ಕೆಳಗಿಂದ ಅವಳಿಗೆ ಕಾಣುತ್ತಿದ್ದವು. ಎಲ್ಲವೂ ಅವನಿಗೆ ಕೇಳಿಸುತ್ತಿತ್ತು.

'ದೇವರೇ, ಈಗಿಂದೀಗ ನೆಲ ಬಾಯಿ ಬಿಡಬಾರದೇ...'

ತಾಳಿ. ಈ ಹುಡುಗಿ ಇಲ್ಲಿಗೆ ಬಂದು ಸಿಕ್ಕಿಬಿದ್ದದ್ದು ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ.

ಅದು ಸಾವಿರದ ಒಂಬೈನೂರ ಮೂವತ್ತೇಳರ ಪುಣೆ. ಭಾಮಾ ಧಾರವಾಡದವಳು. ತಂದೆ ತೀರಿಕೊಂಡ ಮೇಲೆ ಶನಿವಾರ ಪೇಟೆಯಲ್ಲಿ ಅಂಗಳದ ಸುತ್ತ ಮನೆಗಳಿದ್ದ ವಾಡೆಯೊಂದರಲ್ಲಿ ಬಾಡಿಗೆಗಿದ್ದ ಅಣ್ಣ ಬಾಳಕೃಷ್ಣನ ಮನೆಗೆ ಬಂದಳು. ಅಣ್ಣ ರೈಲ್ವೆ ಕಚೇರಿಯ ಕಾರಕೂನ. ಅವನ ಹೆಂಡತಿ, ಭಾಮಾಳ ವೈನಿ, ಕೃಷ್ಣಾಬಾಯಿ ಬಾಯಿ ಜೋರು, ಕೈ ಧಾರಾಳ. ಯಾರೂ ಅವಳನ್ನು ಭಾರ ಎಂದಿರಲಿಲ್ಲ. ಆದರೂ ಊಟಕ್ಕೆ ಕೂತಾಗಲೆಲ್ಲ ಭಾಮಾ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿರಲಿಲ್ಲ. ಹೊಳೆಯಾಚೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯ ಜಾಗ ಖಾಲಿ ಇತ್ತು. ಅದು ಸಿಗಬೇಕಾದರೆ ಇಂಗ್ಲಿಷಿನಲ್ಲಿ ತೋಂಡಿ ಪರೀಕ್ಷೆ ಪಾಸಾಗಬೇಕು. ಮೇಮ್‌ಸಾಹೇಬರ ಎದುರು ಕೂತು ಬಾಯಿಂದಲೇ ಉತ್ತರ ಕೊಡಬೇಕು!

ಅದಕ್ಕೆಂದೇ ಆ ಶಾಲೆಯಲ್ಲಿ ಸಂಜೆಯ ಕ್ಲಾಸು ನಡೆಯುತ್ತಿತ್ತು. ಹೋಗುವಾಗ ವಾಡೆಯ ಮಾಲೀಕರ ಹುಡುಗಿಯರ ಜೊತೆ ಟಾಂಗಾ. ಬರುವಾಗ?

ಬರುವಾಗ ಬಿಂದುಮಾಧವ.

ವಾಡೆಯ ಮಾಳಿಗೆಯ ಖೋಲಿಯಲ್ಲಿದ್ದ ಬೆಳಗಾವಿ ಕಡೆಯ ಹುಡುಗ. ಹೊಳೆಯಾಚೆಯ ಗಂಡುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮಾತು ಕಡಿಮೆ.

"ಹ್ಯಾಂಗೂ ಆ ಕಡೆಯಿಂದನ ಬರ್ತೀರಿ ಮಾಸ್ತರ. ನಮ್ಮ ಭಾಮಾನ್ನೂ ಕರಕೊಂಡ ಬರ್ರಿ," ಎಂದು ಬಾಳಕೃಷ್ಣ ಕೇಳಿದ್ದ.

"ಆಗಲಿರಿ," ಎಂದಿದ್ದ ಅವನು.

ಅಷ್ಟೇ. ಮದುವೆಯಾಗದ ಹುಡುಗಿ ಪರಗಂಡಸಿನ ಜೊತೆ ಸಾಲಾಗಿ ನಡೆಯುವುದುಂಟೇ? ಅವನು ಮುಂದೆ, ಇವಳು ಹಿಂದೆ. ನಡುವೆ ಒಂದು ಎತ್ತಿನ ಬಂಡಿ ಹಾಯುವಷ್ಟು ಅಂತರ. ಅವನು ಒಮ್ಮೆಯೂ ತಿರುಗಿ ನೋಡಿದವನಲ್ಲ. ಆದರೆ ಪ್ರತಿ ಚೌಕದಲ್ಲೂ ಬೂಟಿನ ಲೇಸು ಕಟ್ಟಲು ಬಗ್ಗುತ್ತಿದ್ದ. ಇವಳ ಹೆಜ್ಜೆ ಹತ್ತಿರ ಕೇಳಿಸಿದ ಮೇಲೆ ಎದ್ದು ಮತ್ತೆ ನಡೆಯುತ್ತಿದ್ದ. ಅದೆಂಥ ಲೇಸೋ, ಮನೆ ಮುಟ್ಟುವುದರೊಳಗೆ ಮತ್ತೆ ಮತ್ತೆ ಬಿಚ್ಚುತ್ತಿತ್ತು! ಇಡೀ ಪುಣೆಯಲ್ಲಿ ಒಂದು ಗಟ್ಟಿ ಲೇಸು ಸಿಗುತ್ತಿರಲಿಲ್ಲವೇ?

ಮಳೆಗಾಲದಲ್ಲಿ ಶುರುವಾದ ಈ ನಡಿಗೆ ಸಂಕ್ರಾಂತಿಯವರೆಗೂ ನಡೆಯಿತು. ಒಂದು ಮಾತಿಲ್ಲ, ಕತೆಯಿಲ್ಲ. ಆದರೂ ಮಧ್ಯಾಹ್ನವಾದರೆ ಸಾಕು, ಭಾಮಾಳ ಮನಸ್ಸು ಸಂಜೆಗೆ ಕಾಯುತ್ತಿತ್ತು. ಹಿಂದೆ ನಡೆಯುವವಳಿಗೆ ಕಾಣುವುದಾದರೂ ಏನು? ಬೂಟಿನ ಸವೆದ ಹಿಮ್ಮಡಿ, ಧೋತರದ ಅಂಚು, ಒಮ್ಮೊಮ್ಮೆ ಕೊರಳ ಹಿಂದಿನ ಬೆವರು. ಅಷ್ಟನ್ನೇ ಅವಳು ಮನೆಗೆ ತಂದು, ಮಲಗುವಾಗ ನೆನೆದು, ತನಗೆ ತಾನೇ ನಾಚಿಕೊಳ್ಳುತ್ತಿದ್ದಳು.

ಈಗ ಪರೀಕ್ಷೆಯ ಕೋಣೆಗೆ ಬನ್ನಿ. ಅವಳನ್ನು ಮನೆಗೆ ಕರೆದೊಯ್ಯಲು ಅವನು ಅವತ್ತೂ ಬಂದು ವರಾಂಡದಲ್ಲಿ ಕಾದಿದ್ದ.

ಮೇಮ್‌ಸಾಹೇಬರ ಪಕ್ಕದಲ್ಲಿ ಶಾಲೆಯ ಮುಖ್ಯಾಧ್ಯಾಪಿಕೆ ರಾಧಾಬಾಯಿ ಕೂತಿದ್ದರು. ಮೊದಲ ಪ್ರಶ್ನೆ ಸುಲಭದ್ದೇ. ನಿನಗೆ ನಡೆಯುವ ಅಭ್ಯಾಸ ಇದೆಯೇ? ಅದರ ಬಗ್ಗೆ ಹೇಳು.

ಭಾಮಾ ಹಿಗ್ಗಿದಳು! ಕ್ಲಾಸಿನಲ್ಲಿ ಇದನ್ನು ಉರು ಹೊಡೆಸಿದ್ದರು. ಕೈಕಟ್ಟಿ ಗಡಗಡ ಒಪ್ಪಿಸಿದಳು. ದಿನಾ ಮುಂಜಾನೆ ಬೇಗ ಏಳುತ್ತೇನೆ. ತಂದೆಯವರ ಜೊತೆ ಹೂದೋಟದಲ್ಲಿ ತಿರುಗಾಡುತ್ತೇನೆ. ಹಕ್ಕಿಗಳು ಹಾಡುತ್ತವೆ...

"ಯಾವ ಹೂದೋಟ?" ಎಂದರು ಮೇಮ್‌ಸಾಹೇಬರು.

ಭಾಮಾ ಕಣ್ಣು ಬಿಟ್ಟಳು. ಯಾವ ಹೂದೋಟ? ತೋಟವೂ ಇಲ್ಲ... ತಂದೆಯೂ ಇಲ್ಲ.

"ನಿನಗಿಂತ ಮುಂಚೆ ಬಂದವರೂ ಇದೇ ತೋಟದಲ್ಲಿ ತಿರುಗಾಡಿದರು," ಮೇಮ್‌ಸಾಹೇಬರು ನಕ್ಕರು. "ನೀನು ನಿಜವಾಗಿ ನಡೆಯುವುದು ಎಲ್ಲಿ? ಅದನ್ನು ಹೇಳು."

ಸತ್ತು ಹೋಗುವಷ್ಟು ನಾಚಿಕೆಯಾಯಿತು ಅವಳಿಗೆ. ಸತ್ತ ಅಪ್ಪನನ್ನು ಸುಳ್ಳಿಗೆ ಎಳೆದು ತಂದೆನಲ್ಲ! ಆ ನಾಚಿಕೆಯಲ್ಲೇ ನಿಜ ಹೊರಬಿತ್ತು, ಮುರುಕು ಮುರುಕು ಇಂಗ್ಲಿಷಿನಲ್ಲಿ.

"ಐ ವಾಕ್... ಬಿಹೈಂಡ್ ಹಿಮ್."

ಅವರ ಹಿಂದೆ ನಡೆಯುತ್ತೇನೆ. ದಿನಾ ಸಂಜೆ. ಹೊಳೆಯ ಸೇತುವೆ ಲಕಡೀ ಪೂಲ ದಾಟಿ, ಸದಾಶಿವ ಪೇಟೆ, ತುಳಶೀಬಾಗ, ಶನಿವಾರವಾಡೆಯ ದೊಡ್ಡ ಬಾಗಿಲು. ಆಮೇಲೆ ನಮ್ಮ ಮನೆ, ಓಂಕಾರೇಶ್ವರದ ಹತ್ತಿರ. ತುಳಶೀಬಾಗದಲ್ಲಿ ಬಳೆ ಅಂಗಡಿಗಳಿಗೆ ದೀಪ ಹಚ್ಚಿರುತ್ತಾರೆ. ಅವರು ಮೆಲ್ಲಗೆ ನಡೆಯುತ್ತಾರೆ. ನಾನೂ ಮೆಲ್ಲಗೆ.

ಮೇಮ್‌ಸಾಹೇಬರು ಸೈಕಲ್ ಮೇಲೆ ಪುಣೆಯೆಲ್ಲ ಸುತ್ತಿದವರು. ಹುಬ್ಬು ಗಂಟಿಕ್ಕಿದರು. "ಪೂಲ ದಾಟಿ ಎಡಕ್ಕೆ ತಿರುಗಿ ಹೊಳೆ ಹಿಡಿದು ಹೋದರೆ ಓಂಕಾರೇಶ್ವರ ಅಲ್ಲೇ ಇದೆ! ತುಳಶೀಬಾಗ ಯಾಕೆ ಸುತ್ತಬೇಕು?"

ಹೋಗುವಾಗ ಟಾಂಗಾ ಬೇಗ ಮುಟ್ಟುತ್ತದೆ, ಕುದುರೆ ಓಡುತ್ತದಲ್ಲ ಎಂದುಕೊಂಡಿದ್ದಳು ಭಾಮಾ! ಹಿಂದಕ್ಕೆ ಮುಖ ಮಾಡಿ ಕೂತವಳಿಗೆ ದಾರಿ ಏನು ತಿಳಿಯಬೇಕು? ಇಷ್ಟು ದಿನ ಗೊತ್ತೇ ಇರಲಿಲ್ಲವೇ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತಾಳೆ. ನಂಬೋಣ.

ಪರದೆಯ ಕೆಳಗಿನ ಕಪ್ಪು ಬೂಟುಗಳು ಸರಕ್ಕನೆ ಹಿಂದೆ ಸರಿದವು.

"ನನಗೆ ಗೊತ್ತಿಲ್ಲ... ಅವರು ಆ ದಾರಿಯಲ್ಲಿ ಹೋಗುತ್ತಾರೆ," ಎಂದಳು ಸಣ್ಣ ದನಿಯಲ್ಲಿ.

ಆಗ ಬಂತು ಆ ಪ್ರಶ್ನೆ. ಆ ಮನುಷ್ಯನ ಹೆಸರೇನು?

ಮಾಸ್ತರ ಎಂದಿದ್ದರೂ ಸಾಕಿತ್ತು. ನೆರೆಮನೆಯವರು ಎಂದಿದ್ದರೂ ನಡೆಯುತ್ತಿತ್ತು. ಅವಳು ತಲೆ ಬಗ್ಗಿಸಿ, ಸೆರಗು ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಕೂತಳು.

ರಾಧಾಬಾಯಿ ನಕ್ಕುಬಿಟ್ಟರು. "ಅವಳು ಹೇಳುವುದಿಲ್ಲ ಬಿಡಿ ಮೇಡಮ್. ನಮ್ಮ ಹೆಂಗಸರು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಮದುವೆ ಮುಂಜಿಯಲ್ಲಿ, ನಾಲ್ಕು ಜನರ ಮುಂದೆ, ಪದ ಕಟ್ಟಿ ಅದರಲ್ಲಿ ಪೋಣಿಸಿ ಹೇಳಬೇಕು. ಅದು ಪದ್ಧತಿ."

ಆ ಪೋಣಿಸಿದ ಪದಕ್ಕೆ ಭಾಮಾಳ ಕಡೆಯವರು ಒಡಪು ಎನ್ನುತ್ತಾರೆ.

"ಗಂಡ?" ಮೇಮ್‌ಸಾಹೇಬರು ಕಣ್ಣರಳಿಸಿದರು. "ಆದರೆ ಈಕೆಗೆ ಮದುವೆ ಆಗಿಲ್ಲವಲ್ಲ!"

ರಾಧಾಬಾಯಿಯ ನಗು ಅಲ್ಲೇ ನಿಂತಿತು. ಪರದೆಯ ಆಚೆ ಸರದಿಗೆ ಕಾಯುತ್ತಿದ್ದ ಹುಡುಗಿಯರು ಕಿಸಕ್ಕೆಂದರು. ಭಾಮಾ ಎದ್ದವಳೇ ನಮಸ್ಕಾರವನ್ನೂ ಮಾಡದೆ ಹೊರಗೆ ಓಡಿದಳು.

ಬಿಂದುಮಾಧವ ಎದ್ದು ನಿಂತಿದ್ದ. ಅವನ ಮುಖ ಕೆಂಪಾಗಿತ್ತು. ಅವಳತ್ತ ನೋಡಲಿಲ್ಲ. ಬಿರಬಿರನೆ ನಡೆದೇಬಿಟ್ಟ.

ಅವತ್ತು ಲೇಸು ಬಿಚ್ಚಲಿಲ್ಲ. ಪೂಲ ದಾಟಿದ ಕೂಡಲೇ ಅವನು ಎಡಕ್ಕೆ ತಿರುಗಿದ. ಹೊಳೆ, ಒಂದೆರಡು ಗಲ್ಲಿ... ಓಂಕಾರೇಶ್ವರ. ಮನೆ ಬಂದೇಬಿಟ್ಟಿತು!

'ಇಷ್ಟು ಬೇಗ ಬಂತೇ... ನನ್ನನ್ನು ಕಂಡರೆ ಇಷ್ಟು ಅಸಹ್ಯವೇ ಅವರಿಗೆ?' ವಾಡೆಯ ಬಾಗಿಲಲ್ಲೇ ಅವಳ ಕಣ್ಣು ತುಂಬಿ ಬಂತು.

ಮರುದಿನ ಜೊತೆಗೆ ಪರೀಕ್ಷೆಗೆ ಕೂತಿದ್ದ ಗೋದಾ ಬಂದು, ಕೃಷ್ಣಾಬಾಯಿಯ ಎದುರಿಗೇ ನಡೆದದ್ದನ್ನೆಲ್ಲ ಬಣ್ಣ ಹಚ್ಚಿ ಹೇಳಿ ಹೋದಳು.

"ನಾಕ ಮಂದ್ಯಾಗ ಮಾನಾ ಕಳದೆಲ್ಲ!" ವೈನಿ ಹಣೆ ಬಡಿದುಕೊಂಡಳು. "ಒಂದ ಹೆಸರ ಹೇಳ್ಲಿಕ್ಕೆ ನಾಲಿಗಿ ಹೊಳ್ಳಲಿಲ್ಲೇನ ನಿನಗ?"

"ಹೊಳ್ಳಲಿಲ್ಲ ವೈನಿ..." ಭಾಮಾ ಬಿಕ್ಕಿದಳು.

ಕೃಷ್ಣಾಬಾಯಿ ಮುಂದೆ ಬೈಯಲಿಲ್ಲ. ನಾಲಿಗೆ ಹೊರಳದ ಹೆಸರು ಎಂದರೆ ಏನೆಂದು ಅವಳಿಗೂ ಗೊತ್ತಿತ್ತು. ಮೆಲ್ಲಗೆ ನಾದಿನಿಯ ತಲೆ ನೇವರಿಸಿ ಒಲೆಯ ಕಡೆ ಹೋದಳು. ಗಂಡನ ಕಿವಿಗೆ ಈ ಮಾತು ಹಾಕಲಿಲ್ಲ.

ಬಿಂದುಮಾಧವ ಮಾಳಿಗೆಯಿಂದ ಇಳಿಯುವುದು, ಹತ್ತುವುದು ಯಾವಾಗಲೋ ಏನೋ, ಕಣ್ಣಿಗೇ ಬೀಳಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದರೆ ಭಾಮಾ ಅಡಿಗೆಮನೆಗೆ ಓಡಿ ಅವಿತುಕೊಳ್ಳುತ್ತಿದ್ದಳು. ಸದ್ದು ನಿಂತ ಮೇಲೆ, ಯಾಕೆ ಓಡಿಬಂದೆ ಎಂದು ಅಳುತ್ತಿದ್ದಳು.

ಶನಿವಾರ ರಾಧಾಬಾಯಿ ತಾವೇ ಮನೆಗೆ ಬಂದರು. "ಸೋಮವಾರದಿಂದ ಕೆಲಸಕ್ಕೆ ಬಾ," ಎಂದರು ಅವರು ಮರಾಠಿಯಲ್ಲಿ. "ಪಾಠ ಒಪ್ಪಿಸುವವರು ಬೇಕಾದಷ್ಟು ಸಿಗುತ್ತಾರೆ, ಕೇಳಿದ್ದಕ್ಕೆ ನಿಜ ಹೇಳುವವಳು ಸಿಗುವುದು ಕಷ್ಟ ಅಂದರು ಮೇಮ್‌ಸಾಹೇಬರು." ಹೋಗುವಾಗ ಅವಳ ಗಲ್ಲ ಹಿಡಿದು ನಕ್ಕರು. ಅಣ್ಣ ಪೇಢೆ ತಂದ. ಭಾಮಾ ಆ ಪೇಢೆಯನ್ನು ಹಾಗೇ ತಾಟಿನಲ್ಲಿಟ್ಟಳು. ಅದೇ ಶಾಲೆ, ಅದೇ ಪೂಲ. ಆದರೆ ಮುಂದೆ ನಡೆಯುವವರು?

ಭಾನುವಾರ ಮುಂಜಾನೆ ಬಿಂದುಮಾಧವ ಮನೆಯೊಳಗೆ ಬಂದ. ಭಾಮಾ ಚಹಾದ ಕಪ್ಪು ಹಿಡಿದು ಅಡಿಗೆಮನೆಯ ಬಾಗಿಲ ಹಿಂದೆಯೇ ನಿಂತುಬಿಟ್ಟಳು.

"ಬರ್ರಿ ಮಾಸ್ತರ, ಕೂಡ್ರಿ," ಎಂದ ಬಾಳಕೃಷ್ಣ.

"ಕೂಡೂದಿಲ್ಲರಿ. ಖೋಲಿ ಬಿಡ್ಲಿಕ್ಹತ್ತೀನಿ. ಬೆಳಗಾವ್ಯಾಗ ಒಂದ ಶಾಳ್ಯಾಗ ಜಾಗಾ ಅದ."

"ಹಿಂಗ ಒಮ್ಮೆಲೇ?"

"ಹೋಗೂಕಿಂತ ಮೊದಲ ಒಂದ ತಪ್ಪ ಒಪ್ಪಿಕೋಬೇಕಾಗೇದ್ರಿ." ಅವನು ಕೈ ಜೋಡಿಸಿದ. "ನೀವು ನಂಬಿ ತಂಗೀನ ನನ್ನ ಜೋಡಿ ಕಳಿಸಿದ್ರಿ. ನಾ ಸೀದಾ ದಾರೀಲೆ ಕರಕೊಂಡ ಬರ್ಲಿಲ್ಲರಿ. ತುಳಶೀಬಾಗ ಸುತ್ತ ಹಾಕಿ ಕರಕೊಂಡ ಬಂದೆ. ದಿನಾ."

"ಸುತ್ತ ಹಾಕಿ? ಯಾಕ್ರೀ?"

ಬಿಂದುಮಾಧವ ನೆಲ ನೋಡಿದ.

"ಲಗೂ ಮನಿ ಬರಬಾರದಂತ..."

'ಮನೆ ಬೇಗ ಬರಬಾರದೆಂದೇ?' ಭಾಮಾ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದಳು.

"ಅವರದೇನೂ ತಪ್ಪಿಲ್ಲರಿ," ಅವನು ಮುಂದುವರಿಸಿದ. "ನನ್ನ ಸಂಬಂಧ ಅವರು ಮಂದಿ ಮುಂದ ತಲಿ ತಗ್ಗಿಸಬೇಕಾತು. ಅವರಿಗೆ ಮಾರಿ ತೋರಿಸ್ಲಿಕ್ಕೆ ನಾಚಿಕಿ ಆಗ್ತದ ನನಗ. ಅದಕ್ಕ ಹೊಂಟೀನಿ."

'ಅಯ್ಯೋ! ನಾಚಿಕೆ ಇವರಿಗೂ ಆಗಿತ್ತೇ? ನನ್ನನ್ನು ಕಂಡು ಅಸಹ್ಯ ಅಲ್ಲವೇ?' ಇಷ್ಟು ದಿನ ಇಬ್ಬರೂ ಒಂದೇ ನಾಚಿಕೆಯನ್ನು ಮೇಲೊಬ್ಬರು ಕೆಳಗೊಬ್ಬರು ಹೊತ್ತು ತಿರುಗಿದ್ದರು. ಈಗ ಸುಮ್ಮನಿದ್ದರೆ ಅವನು ಬೆಳಗಾವಿಗೆ ಹೋಗಿಬಿಡುತ್ತಾನೆ. ಅವತ್ತು ಬಾಯಿಗೆ ಮಾತು ಬರದೆ ಕೆಟ್ಟಿತು, ಇವತ್ತು ಬರಲೇಬೇಕು!

ಭಾಮಾ ಹೊರಗೆ ಬಂದಳು. ಚಹಾ ಅವನ ಮುಂದಿಟ್ಟಳು. ಮುಖವೆಲ್ಲ ಬೆಂಕಿಯಾಗಿತ್ತು.

"ಅಣ್ಣಾ... ನಾಳೆ ಶಾಳಿಗೆ ಹೋಗಬೇಕಲ್ಲ ನಾ."

"ಹೌದು. ಅದಕ್ಕ?"

"ಸಂಜೀ ಮುಂದ ಮನಿಗೆ ಬರ್ಲಿಕ್ಕೆ ನನಗ ಒಂದ ದಾರಿ ಗೊತ್ತದ. ತುಳಶೀಬಾಗದ್ದು." ಸೆರಗಿನ ತುದಿ ಬಿಗಿಯಾಗಿ ಹಿಡಿದಳು. "ಅವರು ಬೆಳಗಾವಿಗೆ ಹೋದ್ರ... ನಾ ಮನಿಗೆ ಹ್ಯಾಂಗ ಬರ್ಲಿ?"

ಬಾಳಕೃಷ್ಣ ತಂಗಿಯನ್ನು ನೋಡಿದ. ಮಾಸ್ತರನನ್ನು ನೋಡಿದ. ಇಬ್ಬರೂ ಒಂದೇ ನೆಲ ನೋಡುತ್ತಿದ್ದರು. ಒಳಗಿನಿಂದ ಕೃಷ್ಣಾಬಾಯಿಯ ದನಿ ಬಂತು.

"ಏನ್ರೀ, ಚಹಾ ಆರ್ಲಿಕ್ಹತ್ತದ! ಕೂಡ್ಲಿಕ್ಕೆ ಹೇಳ್ರಿ ಅವರಿಗೆ!"

ಬಾಳಕೃಷ್ಣನಿಗೆ ನಗು ತಡೆಯಲಾಗಲಿಲ್ಲ. "ಕೂಡ್ರಿ ಮಾಸ್ತರ, ಕೂಡ್ರಿ. ಬೆಳಗಾವಿಗೆ ಹೋಗೂದಾದ್ರ ನಾನ ಹೋಗ್ತೀನಿ... ನಿಮ್ಮ ಹಿರಿಯಾರ ಜೋಡಿ ಮಾತಾಡ್ಲಿಕ್ಕೆ!"

ಸೋಮವಾರ ಸಂಜೆ. ಅವನು ಮುಂದೆ, ಅವಳು ಹಿಂದೆ. ಲಕಡೀ ಪೂಲದ ನಡುವೆ ಅವನು ಲೇಸು ಕಟ್ಟಲು ಬಗ್ಗಿದ. ಭಾಮಾ ಈ ಸಲ ದೂರದಲ್ಲಿ ನಿಲ್ಲಲಿಲ್ಲ. ಅವನ ಪಕ್ಕಕ್ಕೇ ಬಂದಳು.

"ಲೇಸ ಬಿಚ್ಚೇ ಇಲ್ಲಲ್ರಿ!"

"ಯಾವತ್ತೂ ಬಿಚ್ಚಿದ್ದಿಲ್ಲರಿ," ಎಂದ ಅವನು ತಲೆ ಎತ್ತದೆ.

ಅವಳಿಗೆ ನಗು ಬಂತು, ಅಳುವೂ ಬಂತು. ಎದುರಿಗೆ ಬರುತ್ತಿದ್ದ ಇಬ್ಬರು ಹೆಂಗಸರು ತಿರುತಿರುಗಿ ನೋಡಿದರು. ಮತ್ತೆ ಅದೇ ನಾಚಿಕೆ ಕಿವಿಗೆ ಏರಿತು. ಆದರೂ ಭಾಮಾ ಹಿಂದೆ ಸರಿಯಲಿಲ್ಲ. ಇಬ್ಬರೂ ಸಾಲಾಗಿ ನಡೆದರು. ಪೂಲದ ತುದಿಗೆ ಬಂದಾಗ ಅವನು ನಿಂತ. ಎಡಕ್ಕೆ ಹೊಳೆಯ ದಾರಿ, ಮನೆ ಅಲ್ಲೇ ಹತ್ತಿರ. ಅವನು ಏನಾದರೂ ಕೇಳುವ ಮೊದಲೇ ಭಾಮಾ ತುಳಶೀಬಾಗದ ಕಡೆ ಹೆಜ್ಜೆ ಹಾಕಿಯಾಗಿತ್ತು.

"ಭಾಮಾಬಾಯಿ... ಅವತ್ತ ನನ್ನ ಹೆಸರ ಯಾಕ ಹೇಳ್ಲಿಲ್ಲ?"

"ಬಾಯಾಗ ಬರ್ಲಿಲ್ಲರಿ."

"ಈಗ ಒಂದ ಸಲ ಹೇಳ್ರಿ. ಲಗ್ನ ಆದಮ್ಯಾಲಂತೂ ಹೇಳೂದಿಲ್ಲ. ನಿಮ್ಮ ಬಾಯಾಗ ಹ್ಯಾಂಗ ಕೇಳಸ್ತದ, ನಾ ಕೇಳಬೇಕಲ್ಲ."

ಅವಳು ಸುತ್ತ ನೋಡಿದಳು. ತಲೆ ತಗ್ಗಿಸಿದಳು. ಆಮೇಲೆ ಅದೇ ತಲೆಯನ್ನು ಎತ್ತಿ, ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಬಿಂದುಮಾಧವ."

ಅವನು ನಿಂತಲ್ಲೇ ನಿಂತ. "ಇನ್ನೊಂದ ಸಲ...?"

"ಊಂಹೂಂ," ಭಾಮಾ ಸೆರಗು ಸರಿಮಾಡಿಕೊಂಡು ನಕ್ಕಳು. "ಇನ್ನ ಒಡಪಿನ್ಯಾಗ ಹೇಳ್ತೀನ್ರಿ. ನಾಕ ಮಂದಿ ಮುಂದ... ಜೋರಾಗಿ!"